ಮಾಗಿಯ ಬೆಳಗು, ಕುರುಡುಮಲೆಯ ಬಂಡೆ

ಕಾಡುಮೃಗಗಳನ್ನೂ ಪಕ್ಷಿಗಳನ್ನೂ ನೋಡಬೇಕೆಂಬ ಆಸೆಯುಳ್ಳವರು ಸಾಮಾನ್ಯವಾಗಿ ಬಂಡೀಪುರಕ್ಕೋ ನಾಗರಹೊಳೆಗೋ ರಂಗನತಿಟ್ಟಿಗೋ ಹೊರಡುವರು. ಆ ಆಸೆಯಿಂದ ಕೋಲಾರದ ಕಡೆಗೆ ಹೊರಟವರು ಅಪೂರ್ವ. ಕೋಲಾರವೆಂದರೆ ಚಿನ್ನದ ಗಣಿ, ಬತ್ತಿದ ಕೆರೆ, ಬೋಳು ಬಂಡೆ, ಈಚೆಗೆ ಟೊಮೆಟೊ ಮಂಡಿ. ಇಷ್ಟೇ ಜನರ ಮನಸ್ಸಿನಲ್ಲಿರುವುದು. ಆ ಗಣಿಯಾದರೂ 2001ರಲ್ಲಿ ಮುಚ್ಚಿಹೋಯಿತು. ಇನ್ನು ಬಂಡೆಗಳಲ್ಲಿ ಏನಿದ್ದೀತೆಂದು ಕೇಳುವವರೇ ಹೆಚ್ಚು. ಬಂಡೆಯಲ್ಲಿ ಏನಿದೆಯೆಂಬುದು ಅದನ್ನು ದಾಟಿಹೋಗುವವನಿಗೆ ತಿಳಿಯತಕ್ಕ ವಿಷಯವಲ್ಲ. ಅದರ ಎದುರಿಗೆ ಕುಳಿತವನಿಗೆ ತಿಳಿಯತಕ್ಕದ್ದು.

ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ ಕುರುಡುಮಲೆ ಇದೆ. ಊರು ಚಿಕ್ಕದು, ಹೆಸರು ದೊಡ್ಡದು. 13 ಅಡಿಗೂ ಮಿಕ್ಕ ಎತ್ತರದ ಏಕಶಿಲೆಯ ಗಣಪತಿ ಇಲ್ಲಿಯ ದೇವರು. ತ್ರಿಪುರಸಂಹಾರಕ್ಕೆ ಮೊದಲು ತ್ರಿಮೂರ್ತಿಗಳು ಇಲ್ಲಿ ಕೂಡಿ ವಿಘ್ನೇಶ್ವರನನ್ನು ಪೂಜಿಸಿದರೆಂದು ಸ್ಥಳಪುರಾಣ. ದೇವತೆಗಳು ಕೂಡಿದ ಮಲೆ ಕೂಡುಮಲೆಯಾಗಿ, ಕೂಡುಮಲೆಯೇ ಜನರ ನಾಲಗೆಯಲ್ಲಿ ಕುರುಡುಮಲೆಯಾಯಿತೆಂದು ಹೇಳುವರು. ಬರುವ ಭಕ್ತರು ಗಣಪತಿಯ ದರ್ಶನ ಮಾಡಿ, ಸೋಮೇಶ್ವರನ ಗುಡಿಯ ಕಲ್ಲುಕೆಲಸವನ್ನು ನೋಡಿ ಮೆಚ್ಚಿ, ಹಿಂದಿರುಗುವರು. ಊರನ್ನು ಬಳಸಿಕೊಂಡಿರುವ ಗುಡ್ಡಗಳ ಕಡೆಗೆ ತಲೆಯೆತ್ತಿ ನೋಡುವವರು ವಿರಳ. ಯಾರೋ ಮಕ್ಕಳು ಆಟಕ್ಕೆ ಪೇರಿಸಿಟ್ಟು ಮರೆತು ಹೋದಂತೆ ಒಂದರ ಮೇಲೊಂದು ಕುಳಿತ ಗುಂಡುಗಳು. ಅವುಗಳ ಸಂದಿನಲ್ಲಿ ಎಲಚಿ, ಲಂಟಾನ, ಅಲ್ಲೊಂದು ಇಲ್ಲೊಂದು ಆಲದ ಸಸಿ. ಈ ಸೀಮೆಯ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಎಣಿಸಿರುವರು. ಅಷ್ಟು ಹಳೆಯ ಮನೆಯಲ್ಲಿ ಒಕ್ಕಲು ಇಲ್ಲದೆ ಇರುವುದುಂಟೆ?

ಆ ಒಕ್ಕಲನ್ನು ಕಾಣುವುದಕ್ಕೆ ಮಾಗಿಗಿಂತ ಒಳ್ಳೆಯ ಕಾಲವಿಲ್ಲ. ಅದಕ್ಕೆ ಕಾರಣಗಳು ಮೂರು. ರಾಗಿ ಕೊಯಿಲಾಗಿ ಹೊಲ ಬಯಲಾಗಿರುವುದು. ಹುಲ್ಲು ಒಣಗಿ ಬಾಗಿರುವುದು. ಮಳೆಗಾಲದಲ್ಲಿ ಎರಡು ಮಾರು ದೂರದಲ್ಲಿದ್ದರೂ ಕಾಣದಿದ್ದ ಮೊಲ ಈಗ ನೂರು ಮಾರು ದೂರದಿಂದ ಕಾಣುವುದು. ಇದು ಮೊದಲನೆಯದು. ಭೂಮಿ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವುದರಿಂದ ಧನುರ್ಮಾಸದ ಬೆಳಗಿನಲ್ಲಿ ಚಳಿ ಚೆನ್ನಾಗಿಯೇ ಕಚ್ಚುವುದು. ಆ ಚಳಿಗೆ ಓತಿಕೇತದಿಂದ ಮೊದಲ್ಗೊಂಡು ನವಿಲಿನವರೆಗೆ ಎಲ್ಲವೂ ಬಿಸಿಲು ಕಾಯುವುದಕ್ಕೆ ಬಂಡೆಯ ಪೂರ್ವದ ಮಗ್ಗುಲಿಗೆ ಬಂದು ಕೂರುವುವು. ಇದು ಎರಡನೆಯದು. ಮೂರನೆಯದು ನೆಂಟರ ಬರವು. ಹಿಮಾಲಯದ ತಪ್ಪಲಿನಿಂದಲೂ, ಅದರಾಚೆಯ ಮಧ್ಯ ಏಷ್ಯ ಸೈಬೀರಿಯಗಳಿಂದಲೂ ಹೊರಟ ಹಕ್ಕಿಗಳು ಆಶ್ವಯುಜ ಕಾರ್ತಿಕಗಳಲ್ಲಿ ಬಂದಿಳಿದು, ಬಿಸಿಲು ಬಲಿಯುವವರೆಗೆ ಇಲ್ಲಿಯೇ ಇರುವುವು. ಊರ ಕಣದಲ್ಲಿ ರಾಗಿ ಒಕ್ಕುವಾಗ ಬಾಲ ಕುಣಿಸುತ್ತ ಓಡಾಡುವ ಬೂದು ಬಿಳುಪಿನ ಸಿಪಿಲೆಯ ತೂಕ ಸುಮಾರು 20 ಗ್ರಾಮು. ಅಷ್ಟು ಹಗುರದ ಜೀವ ದೇಶದೇಶಗಳನ್ನು ದಾಟಿ ತಮ್ಮ ಕಣಕ್ಕೆ ಬಂದಿದೆಯೆಂಬುದು ಕಣದವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಅದನ್ನು ಯಾರೂ ಓಡಿಸುವುದಿಲ್ಲ; ಅದು ಕಾಳು ತಿನ್ನುವ ಹಕ್ಕಿಯಲ್ಲ, ಹುಳು ತಿನ್ನುವ ಹಕ್ಕಿಯೆಂಬುದನ್ನು ಮಾತ್ರ ಅವರು ಬಲ್ಲರು.

ಈ ಊರಿನ ಹತ್ತಿರ ನಿವೃತ್ತ ಉಪಾಧ್ಯಾಯರೊಬ್ಬರಿರುವರು. ವಯಸ್ಸು 78. ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಈಗ ಉಳಿದಿಲ್ಲ. ಎಲ್ಲರಿಗೂ ಅವರು ಮೇಷ್ಟ್ರು. ಕೆಲಸಕ್ಕೆ ಸೇರಿದ ವರ್ಷ ಹಿಡಿದ ಒಂದು ಅಭ್ಯಾಸವನ್ನು ಅವರು ಬಿಡಲಿಲ್ಲ. ಬೆಳಿಗ್ಗೆ ಗುಡ್ಡದ ಕಡೆಗೆ ಹೋಗಿಬರುವುದು, ಕಂಡ ಪ್ರಾಣಿಪಕ್ಷಿಗಳನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡುವುದು. ಮೊದಮೊದಲು ಅದು ಶಾಲೆಯ ಹುಡುಗರಿಗೆ ಪಾಠ ಹೇಳುವುದಕ್ಕಾಗಿ, ಆಮೇಲೆ ರೂಢಿಗಾಗಿ. 1939–40ರಲ್ಲಿ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷೆ ಮಾಡಿ, 1942–43ರಲ್ಲಿ ಮುಂಬಯಿಯ ಪ್ರಕೃತಿ ಚರಿತ್ರ ಸಂಘದ ಪತ್ರಿಕೆಯಲ್ಲಿ ಅದರ ವಿವರವನ್ನು ಪ್ರಕಟಿಸಿದ ಸಂಗತಿ ಮೇಷ್ಟ್ರಿಗೆ ಬಹಳ ತಡವಾಗಿ ತಿಳಿಯಿತು. ತಾವು ಮಾಡುತ್ತಿದ್ದುದೂ ಅದೇ ಜಾತಿಯ ಕೆಲಸವೆಂದು ಅಂದು ಅವರಿಗೆ ಸ್ವಲ್ಪ ಹೆಮ್ಮೆಯಾಯಿತು. ಈಗ ಕಣ್ಣು ಮಬ್ಬಾಗಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಇನ್ನೊಂದರ ನರವೇ ಸೋತಿರುವುದರಿಂದ ಅದಕ್ಕೆ ಮದ್ದಿಲ್ಲವೆಂದು ವೈದ್ಯರು ಹೇಳಿರುವರು. ಊರಿನ ಹೆಸರು ತಮಗೆ ಈಗ ಸರಿಯಾಗಿ ಹೊಂದಿತೆಂದು ಮೇಷ್ಟ್ರು ತಾವೇ ನಗುವುದುಂಟು.

ಕಳೆದ ಧನುರ್ಮಾಸದಲ್ಲಿ ಅವರ ಮೊಮ್ಮಗಳು ಕ್ರಿಸ್‌ಮಸ್ ರಜಕ್ಕೆ ಬೆಂಗಳೂರಿನಿಂದ ಬಂದಳು. ಹನ್ನೊಂದು ವರ್ಷದ ಹುಡುಗಿ. ಕೊರಳಿನಲ್ಲಿ ಹೊಸ ದುರ್ಬೀನು ತೂಗಾಡುತ್ತಿತ್ತು. ಬಂದವಳು ಕಾಲು ತೊಳೆಯುವುದಕ್ಕೆ ಮೊದಲೇ ಕೇಳಿದಳು:

‘ತಾತ, ಚಿರತೆ ತೋರಿಸ್ತೀಯಾ?’

‘ಚಿರತೆ ನಿನ್ನನ್ನು ನೋಡುತ್ತೆ, ಮಗು. ಅದಕ್ಕೆ ಅಷ್ಟೇ ಸಾಕು’ ಎಂದರು ಮೇಷ್ಟ್ರು.

ಮೊದಲನೆಯ ಬೆಳಿಗ್ಗೆ ಇಬ್ಬರೂ ಗುಡ್ಡದ ಕಡೆಗೆ ಹೋದರು. ಹುಡುಗಿಯ ಮೈಮೇಲೆ ಕೆಂಪು ಉಣ್ಣೆಯಂಗಿ, ಬಾಯಿಗೆ ಬಿಡುವಿಲ್ಲ. ಶಾಲೆಯ ಸಮಾಚಾರ, ಗೆಳತಿಯರ ಸಮಾಚಾರ, ಬಸ್ಸಿನ ಸಮಾಚಾರ. ಮೇಷ್ಟ್ರು ಹೂಂಗುಟ್ಟುತ್ತ ನಡೆದರು. ಅವರಿಗಿಂತ ಒಂದು ಫರ್ಲಾಂಗು ಮುಂದೆಯೇ ಹರಟೆಮಲ್ಲಗಳ ಗುಂಪು ಪೊದೆಯಿಂದ ಪೊದೆಗೆ ಹಾರಿ, ಜನ ಬಂದರೆಂದು ಗುಡ್ಡಕ್ಕೆಲ್ಲ ಡಂಗುರ ಸಾರಿಬಿಟ್ಟಿತು. ಎರಡು ಗಂಟೆಯ ಮೇಲೆ ಮನೆಗೆ ಬಂದಾಗ ಅಜ್ಜಿ, ‘ಏನು ಕಂಡಿತೆ?’ ಎಂದು ಕೇಳಿದಳು.

‘ಕೋತಿ’ ಎಂದಳು ಹುಡುಗಿ, ಮುಖ ಸಪ್ಪೆ ಮಾಡಿಕೊಂಡು. ಅವೂ ಗುಡಿಯ ಮುಂದೆ ತೆಂಗಿನ ಹೋಳಿಗೆ ಕಾದು ಕುಳಿತ ಕೋತಿಗಳು.

ಮೇಷ್ಟ್ರು ಗದರಲಿಲ್ಲ. ಅಂದು ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ನಾಲ್ಕು ಮಾತು ಹೇಳಿದರು. ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಳ್ಳುವುದು. ಗಾಳಿ ಎದುರಿನಿಂದ ಬರುವಂತೆ ನೋಡಿ ಕೂರುವುದು, ಏಕೆಂದರೆ ಮೃಗಗಳು ಕಣ್ಣಿಗಿಂತ ಮೊದಲು ಮೂಗಿನಿಂದ ಮನುಷ್ಯನನ್ನು ಕಾಣುವುವು. ಬೆನ್ನಿಗೆ ಬಂಡೆಯೋ ಮರವೋ ಇರುವಂತೆ ಕೂರುವುದು. ಬಯಲಿನಲ್ಲಿ ನಿಂತವನ ಆಕಾರ ಆಕಾಶಕ್ಕೆ ಎದ್ದು ಕಾಣುವುದು. ಕೊನೆಯದು, ಸುಮ್ಮನಿರುವುದು. ‘ಕಾಲು ಗಂಟೆ ಅಲ್ಲಾಡದೆ ಕೂತರೆ, ನಾವು ಇದ್ದೀವಿ ಅನ್ನೋದನ್ನ ಗುಡ್ಡ ಮರೆತುಬಿಡುತ್ತೆ’ ಎಂದರು. ಕಾಲು ಗಂಟೆಯೆಂಬುದು ಹನ್ನೊಂದು ವರ್ಷದವರಿಗೆ ಎಷ್ಟು ದೀರ್ಘವಾದ ಕಾಲವೆಂಬುದನ್ನು ನಲವತ್ತು ವರ್ಷ ಪಾಠ ಹೇಳಿದವರು ಅರಿಯದೆ ಇರಲಿಲ್ಲ.

ಎರಡನೆಯ ದಿನ ಅವಳು ಐದು ನಿಮಿಷ ಕುಳಿತಳು. ಮೂರನೆಯ ದಿನ ಹತ್ತು. ನಾಲ್ಕನೆಯ ದಿನ ಕೆರೆಯ ಏರಿಯ ಮೇಲೆ ಕುಳಿತಾಗ ಮಂಜು ಇನ್ನೂ ನೀರಿನ ಮೇಲಿತ್ತು. ಈ ಜಿಲ್ಲೆಯ ಕೆರೆಗಳ ಕಥೆ ಎಲ್ಲರೂ ಬಲ್ಲದ್ದೇ. ವರ್ಷವೆಲ್ಲ ಹರಿಯುವ ನದಿಯಿಲ್ಲದ ಸೀಮೆ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಜಾಲಿಯ ಕಾಡು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕಾಲುವೆ ಕೊಳವೆಗಳ ಮೂಲಕ ಜಿಲ್ಲೆಯ ಹಲವು ಕೆರೆಗಳಿಗೆ ಬರತೊಡಗಿತು. ಆ ನೀರಿನ ಗುಣದೋಷಗಳ ಚರ್ಚೆ ಬೇರೆ. 2021ರ ಹಿಂಗಾರು ಮಳೆಯಂತೂ ವರ್ಷಗಟ್ಟಲೆ ಬತ್ತಿದ್ದ ಕೆರೆಗಳನ್ನು ಕೋಡಿ ಹರಿಸಿತು. ನೀರು ನಿಂತ ಕೆರೆಗೆ ಹಕ್ಕಿ ಬರುವುದಕ್ಕೆ ಯಾರ ಆಹ್ವಾನವೂ ಬೇಡ. ಮಂಜು ಸರಿದಂತೆ ಹುಡುಗಿಯ ದುರ್ಬೀನಿನಲ್ಲಿ ಸೂಜಿಬಾಲದ ಬಾತುಗಳು ಒಂದೊಂದಾಗಿ ಮೂಡಿದುವು. ಅವಳು ಪಿಸುಮಾತಿನಲ್ಲಿ ಎಣಿಸಿದಳು, ಹದಿನೇಳು. ಮೇಷ್ಟ್ರಿಗೆ ಕಂಡದ್ದು ಬೆಳ್ಳಗಿನ ನೀರು, ಅದರ ಮೇಲೆ ಕರಿಯ ಚುಕ್ಕಿಗಳು. ಅವರು ಹದಿನೇಳೆಂದು ನಂಬಿದರು.

ಹಿಂದಿರುಗುವಾಗ, ಎಲಚಿಯ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಹುಡುಗಿ ಥಟ್ಟನೆ ನಿಂತು ತಾತನ ಕೈ ಹಿಡಿದಳು. ಮೂವತ್ತು ಮಾರು ದೂರದಲ್ಲಿ, ಏರುಬಿಸಿಲಿಗೆ ಮುಖವೊಡ್ಡಿ ಒಂದು ನರಿ ಕುಳಿತಿತ್ತು. ಹೊಂಬಣ್ಣದ ಕೂದಲಿನ ತುದಿಯಲ್ಲಿ ಇಬ್ಬನಿ ಹೊಳೆಯುತ್ತಿತ್ತು. ಅದೂ ನೋಡಿತು, ಇವರೂ ನೋಡಿದರು. ಅವಸರವೇನೂ ಇಲ್ಲದವರಂತೆ ಎದ್ದು, ಮೈ ಮುರಿದು, ಬಂಡೆಯ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದವನೊಬ್ಬ ಅದನ್ನು ಕಂಡು, ‘ನಕ್ಕ ತೋಕ ತೊಕ್ಕಿನಾವಮ್ಮಾ!’ ಎಂದು ನಕ್ಕನು. ನರಿಯ ಬಾಲವನ್ನೇ ತುಳಿದೆಯಲ್ಲ ತಾಯಿ, ಎಂದು ಅರ್ಥ. ತೆಲುಗಿನಲ್ಲಿ ಅದೃಷ್ಟವಂತರಿಗೆ ಹೇಳುವ ಮಾತು ಅದು; ಕನ್ನಡದಲ್ಲಿ ಅದನ್ನೇ ‘ನರಿಯ ಮುಖ ನೋಡಿ ಎದ್ದಿದ್ದಾನೆ’ ಎನ್ನುವರು. ಎರಡು ಭಾಷೆಯೂ ಒಂದೇ ಅಂಗಳದಲ್ಲಿ ಆಡುವ ಈ ಗಡಿಸೀಮೆಯಲ್ಲಿ ಹುಡುಗಿಗೆ ಎರಡು ಪಾಲು ಅದೃಷ್ಟ ದೊರೆತಂತಾಯಿತು. ನರಿ ಕುಳಿತಿದ್ದ ಜಾಗದ ಹತ್ತಿರ ಅದರ ಲದ್ದಿಯಲ್ಲಿ ಎಲಚಿಯ ಬೀಜಗಳಿದ್ದುವು. ‘ಈ ಪೊದೆಗಳನ್ನೆಲ್ಲ ನೆಟ್ಟವರು ಯಾರು ಅಂತ ಕೇಳಿದೆಯಲ್ಲ, ಇವರೇ’ ಎಂದರು ಮೇಷ್ಟ್ರು.

ಅಂದು ರಾತ್ರಿ ಹುಡುಗಿ ತಾತನ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆಸಿಕೊಂಡು ಕುಳಿತಳು. ಸಿಪಿಲೆ ಬಂದ ದಿನ, ಗುಲಾಬಿ ಮೈಯ ಕಬ್ಬಕ್ಕಿಗಳ ಹಿಂಡು ಬಂದ ದಿನ, ಚಾಣ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿದ್ದುದನ್ನು ಕಂಡ ದಿನ, ಎಲ್ಲವೂ ಇದ್ದುವು. ಮೊದಲ ಪುಸ್ತಕಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ಹೆಸರು ಆಮೇಲಿನವುಗಳಲ್ಲಿ ಇಲ್ಲದಿರುವುದು ಅವಳ ಕಣ್ಣಿಗೆ ಬಿತ್ತು.

‘ತಾತ, ರಣಹದ್ದು ಯಾವಾಗ ಹೋಯ್ತು?’

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಸತ್ತ ದನವನ್ನು ಊರಾಚೆಗೆ ಎಳೆದು ಹಾಕಿದರೆ, ಒಂದು ಗಳಿಗೆಯೊಳಗೆ ಆಕಾಶದಿಂದ ರಣಹದ್ದುಗಳು ಇಳಿಯುತ್ತಿದ್ದುದನ್ನು ಅವರು ಬಾಲ್ಯದಲ್ಲಿಯೂ ನಡುವಯಸ್ಸಿನಲ್ಲಿಯೂ ಕಂಡಿದ್ದರು. 1990ರ ದಶಕದಲ್ಲಿ ಅವು ದೇಶದಲ್ಲೆಲ್ಲ ಕುಸಿದುವು. ದನಗಳಿಗೆ ನೋವಿಗಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂಬುದು 2004ರ ಹೊತ್ತಿಗೆ ತಿಳಿಯಿತು. 2006ರಲ್ಲಿ ಸರ್ಕಾರವು ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವಕ್ಕಾಗಿ 2012ರಲ್ಲಿ ಒಂದು ಧಾಮವೂ ಆಯಿತು. ಇದೆಲ್ಲವನ್ನೂ ಮೇಷ್ಟ್ರು ಆಮೇಲೆ ಓದಿ ತಿಳಿದವರು. ಆದರೆ ತಮ್ಮ ಊರಿನ ಮೇಲೆ ಕೊನೆಯ ರಣಹದ್ದು ಸುಳಿದ ದಿನ ಯಾವುದು? ಪುಸ್ತಕದಲ್ಲಿ ಇರಲಿಲ್ಲ.

‘ಬಂದದ್ದನ್ನ ಬರೆದೆ ಮಗು. ಹೋದದ್ದನ್ನ ಬರೀಲಿಲ್ಲ. ಬರೋದು ಒಂದು ದಿನ ಬರುತ್ತೆ. ಹೋಗೋದು ಯಾವತ್ತು ಹೋಯ್ತು ಅಂತ ಗೊತ್ತಾಗೋದಿಲ್ಲ’ ಎಂದರು.

ಇದು ಮೇಷ್ಟ್ರೊಬ್ಬರ ತಪ್ಪಲ್ಲ. ಮನುಷ್ಯನ ಕಣ್ಣು ಇರುವುದನ್ನು ಕಾಣುವುದಕ್ಕೆ ಮಾಡಿದ್ದು; ಇಲ್ಲದ್ದನ್ನು ಕಾಣುವುದಕ್ಕೆ ನೆನಪು ಬೇಕು, ನೆನಪಿಗೆ ಮೊದಲು ಕಂಡಿರಬೇಕು. ಕಂಡವರೇ ಇಲ್ಲದ ಜೀವಿ ಹೋದರೆ, ಹೋಯಿತೆಂದು ಹೇಳುವುದಕ್ಕೂ ಯಾರೂ ಇರುವುದಿಲ್ಲ. ಇದೇ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಬಂಡೆಗಳ ಕೆಳಗಿನ ಗುಹೆಯಲ್ಲಿ ಎಲೆಮೂಗಿನ ಬಾವಲಿಯ ಒಂದು ಜಾತಿ ಇದೆ. ಮೂಗಿನ ಮೇಲೆ ಎಲೆಯಂತಹ ಚರ್ಮದ ಮಡಿಕೆಯುಳ್ಳ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ರಾಣಿ. ವಿಜ್ಞಾನಿಗಳು ಅದನ್ನು ಬೇರೆಯೇ ಜಾತಿಯೆಂದು ಗುರುತಿಸಿ ಹೆಸರಿಟ್ಟದ್ದು 1994ರಲ್ಲಿ. ಮೊದಲು ಕೋಲಾರದ ತೇರಹಳ್ಳಿಯ ಗುಹೆಯಲ್ಲಿಯೂ ಇದ್ದಿತು. ಮುಂದಿನ ಸಮೀಕ್ಷೆಗಳಲ್ಲಿ ಅಲ್ಲಿ ದೊರೆಯಲಿಲ್ಲ. ಹನುಮನಹಳ್ಳಿಯಲ್ಲಿ ಸುಮಾರು ಇನ್ನೂರರೊಳಗೆ ಮಾತ್ರ ಕಂಡುವು. 2016ರಲ್ಲಿ ಅದು ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅದಕ್ಕಿದ್ದ ದೊಡ್ಡ ಭಯ ಹಾವಿನದಲ್ಲ, ಗೂಬೆಯದಲ್ಲ. ಬಂಡೆ ಒಡೆಯುವ ಸಿಡಿಮದ್ದಿನದು. ಹೆಸರಿಡುವುದು ಕೆಲವು ವರ್ಷ ತಡವಾಗಿದ್ದರೆ, ಆ ಗುಹೆ ಜಲ್ಲಿಯಾಗಿ ಯಾವುದೋ ರಸ್ತೆಯ ಕೆಳಗೆ ಸೇರಿದ್ದರೂ ಒಬ್ಬರಿಗೂ ನಷ್ಟವೆಂದು ತೋರುತ್ತಿರಲಿಲ್ಲ.

ಮೇಷ್ಟ್ರ ಮನೆಯಲ್ಲಿ ಆ ದಿನಗಳಲ್ಲಿ ನಡೆದಿದ್ದುದೂ ಬಂಡೆಯ ಮಾತೇ. ಗುಡ್ಡದ ಬುಡದಲ್ಲಿ ಅವರಿಗೆ ಪಿತ್ರಾರ್ಜಿತವಾಗಿ ಬಂದ ಒಂದಿಷ್ಟು ಹೊಲವಿದೆ. ಅದರಲ್ಲಿ ಅರ್ಧ ರಾಗಿ ಕಡಲೆಕಾಯಿ ಬೆಳೆಯುವ ಮಣ್ಣು. ಇನ್ನರ್ಧ ಒಂದು ದೊಡ್ಡ ಬಂಡೆ. ಪಕ್ಕದಲ್ಲಿಯೇ ಬೇರೆಯಾಗಿ ಒಂದು ಎಕರೆ ನೀಲಗಿರಿಯ ತೋಪು. ಬಂಡೆಯಿರುವ ಭಾಗವನ್ನು ಕಲ್ಲಿಗಾಗಿ ಕೊಳ್ಳುವುದಕ್ಕೆ ಒಬ್ಬರು ಮುಂದೆ ಬಂದಿದ್ದರು. ಮುಂಗಡದ ಹಣ ಕೊಡುವುದಕ್ಕೂ ಸಿದ್ಧರಾಗಿದ್ದರು. ಬೆಂಗಳೂರಿನ ಮಗನಿಗೆ ಮನೆಯ ಸಾಲವಿತ್ತು. ಅಜ್ಜಿಯ ಮಂಡಿಗೆ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ‘ಬಂಡೆ ಮೇಲೆ ಏನು ಬೆಳೆಯುತ್ತಪ್ಪಾ?’ ಎಂದು ಮಗ ದೂರವಾಣಿಯಲ್ಲಿ ಕೇಳಿದ್ದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಲ್ಲಿಲ್ಲದೆ ಮನೆಯಿಲ್ಲ, ರಸ್ತೆಯಿಲ್ಲ. ಕುರುಡುಮಲೆಯ ದೇವರೂ ಕಲ್ಲೇ. ರಜ ಮುಗಿಯುವ ದಿನ ಮಗಳನ್ನು ಕರೆದೊಯ್ಯಲು ಬಂದಾಗ ಕರಾರುಪತ್ರದ ಮಾತನ್ನು ಮುಗಿಸುವುದೆಂದು ಆಗಿತ್ತು. ಮೇಷ್ಟ್ರು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಆ ಬಂಡೆಯ ನೆತ್ತಿಗೆ ಸ್ವಲ್ಪ ಕೆಳಗೆ, ಮೇಲೆ ಚಾಚಿದ ಕಲ್ಲಿನ ನೆರಳಿನಲ್ಲಿ, ಯಾರೋ ಸುಣ್ಣ ಚೆಲ್ಲಿದಂತಹ ಬಿಳಿಯ ಗೆರೆಗಳಿರುವುದನ್ನು ಹುಡುಗಿ ದುರ್ಬೀನಿನಿಂದ ಕಂಡಳು. ಅದೇನೆಂದು ಕೇಳಿದಳು. ಮೇಷ್ಟ್ರು ಉತ್ತರ ಹೇಳದೆ, ‘ಸಂಜೆ ಬರೋಣ, ಕಂಬಳಿ ತೊಗೋ’ ಎಂದರು.

ಸಂಜೆ ನೂರು ಮಾರು ದೂರದಲ್ಲಿ, ಹುಣಸೆಯ ಬುಡಕ್ಕೆ ಒರಗಿ ಇಬ್ಬರೂ ಕುಳಿತರು. ಕಬ್ಬಕ್ಕಿಗಳ ಹಿಂಡುಗಳು ಹೊಗೆಯಂತೆ ತಿರುಗುತ್ತ ರಾತ್ರಿಯ ತಂಗುದಾಣಕ್ಕೆ ಹೋದುವು. ಗೌಜಲಹಕ್ಕಿ ಎರಡು ಸಲ ಕೂಗಿ ಸುಮ್ಮನಾಯಿತು. ಊರಿನ ಕಡೆಯಿಂದ ಅವರೆಕಾಯಿ ಬೇಯುವ ವಾಸನೆಯೂ ಗುಡಿಯ ಗಂಟೆಯೂ ಬಂದುವು. ನತ್ತಿಂಗವೊಂದು ಕಲ್ಲುಚಪ್ಪಡಿಯ ಮೇಲೆ ಗೋಲಿ ಬಿಟ್ಟಂತೆ ಟಕ್ ಟಕ್ ಟಕ್ ಎಂದಿತು. ಬೆಳಕು ಇನ್ನೇನು ಹೋಯಿತೆನ್ನುವಷ್ಟರಲ್ಲಿ ಬಂಡೆಯೇ ಮಾತಾಡಿದಂತೆ, ಗುಡಾಣದೊಳಗಿಂದ ಬಂದಂತಹ ಗಂಭೀರವಾದ ಒಂದು ದನಿ ಕೇಳಿಸಿತು: ಬೂ... ಬೋ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಡೆಯಿಂದ ಅದಕ್ಕೆ ಮರುದನಿ.

ಹುಡುಗಿ ಹೆದರಿ ತಾತನ ಕಂಬಳಿಯೊಳಗೆ ಸರಿದಳು. ಗೂಬೆ ಕೂಗಿದರೆ ಮನೆಗೆ ಕೇಡೆಂದು ಅಜ್ಜಿ ಹೇಳಿದ್ದುದು ಅವಳ ನೆನಪಿಗೆ ಬಂದಿರಬೇಕು.

‘ಮೇಲಿನ ಕಲ್ಲು ನೋಡು. ಏನಿದೆ ಹೇಳು’ ಎಂದರು ಮೇಷ್ಟ್ರು ಮೆಲ್ಲಗೆ.

ಅವಳು ದುರ್ಬೀನು ಎತ್ತಿದಳು. ‘ಒಂದು ಕಲ್ಲು... ಅಲ್ಲ ತಾತ, ಕಲ್ಲು ತಲೆ ತಿರುಗಿಸ್ತು! ಎರಡು ಕೊಂಬಿದೆ.’

‘ಕೊಂಬಲ್ಲ, ಗರಿ. ಅದಕ್ಕೇ ಅದನ್ನ ಕೊಂಬಿನ ಗೂಬೆ ಅನ್ನೋದು. ಕಣ್ಣು ಯಾವ ಬಣ್ಣ?’

‘ಕಿತ್ತಳೆ.’

‘ಯಾವ ಕಡೆ ನೋಡ್ತಾ ಇದೆ?’

‘ನಮ್ಮ ಕಡೆ.’

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ತೆರೆದಿದ್ದರೂ ಆ ಮಬ್ಬಿನಲ್ಲಿ ಅವರಿಗೆ ಬಂಡೆಯ ಆಕಾರವೂ ಕಾಣುವಂತಿರಲಿಲ್ಲ. ದೀಪಾವಳಿಯಿಂದ ಅವರು ಆ ಜೋಡಿಯ ದನಿಯನ್ನು ಕೇಳುತ್ತಿದ್ದರು. ಆ ವರ್ಷ ಅದು ಅಲ್ಲಿಯೇ ಇದೆಯೆಂಬುದಕ್ಕೆ ಕಣ್ಣಿನ ಸಾಕ್ಷಿ ಮಾತ್ರ ಇರಲಿಲ್ಲ. ಈಗ ಅದೂ ದೊರೆತಂತಾಯಿತು.

ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ. ಮಾಗಿಯಿಂದ ಬೇಸಗೆಯ ಮೊದಲಿನವರೆಗೆ ಬಂಡೆಯ ಚಾಚಿನ ಮೇಲೆ ಬರಿಯ ನೆಲದಲ್ಲಿಯೇ ಮೊಟ್ಟೆಯಿಡುವುದು. ಆ ಕಾಲದಲ್ಲಿ ಹತ್ತಿರ ಹೋದರೆ ಅದು ಮೊಟ್ಟೆಯನ್ನು ಬಿಟ್ಟುಹೋದೀತು. ಆದಕಾರಣ ಮೇಷ್ಟ್ರು ಮೊಮ್ಮಗಳನ್ನು ಬಂಡೆಯ ಬಳಿಗೆ ಬಿಡಲಿಲ್ಲ. ಹೊಲದ ಇನ್ನೊಂದು ತುದಿಯಲ್ಲಿ ಗೂಬೆ ರಾತ್ರಿಯ ಹೊತ್ತು ಬೇಟೆಗೆ ಕಾದು ಕೂರುವ ಗುಂಡೊಂದಿತ್ತು. ಮರುದಿನ ಮಧ್ಯಾಹ್ನ ಅದರ ಬುಡದಲ್ಲಿ ಹುಡುಕಿದಾಗ ಬೂದುಬಣ್ಣದ ಉಂಡೆಗಳು ದೊರೆತುವು. ಗೂಬೆ ಬೇಟೆಯನ್ನು ಬಹುಮಟ್ಟಿಗೆ ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಹೀಗೆ ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುವುದು. ಒಂಬತ್ತು ಉಂಡೆಗಳನ್ನು ಹುಡುಗಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಳು.

‘ಅಯ್ಯೋ, ಗೂಬೆ ಎಂಜಲನ್ನ ಒಳಗೆ ತಂದಿರಾ!’ ಎಂದು ಅಜ್ಜಿ ಇಬ್ಬರನ್ನೂ ಕೊಟ್ಟಿಗೆಗೆ ಅಟ್ಟಿದಳು. ಅಲ್ಲಿ ಬಿಸಿನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿ, ದೊರೆತ ಮೂಳೆಗಳನ್ನು ಹುಡುಗಿ ಒಂದು ರಟ್ಟಿನ ಮೇಲೆ ಸಾಲಾಗಿ ಅಂಟಿಸಿದಳು. ಇಲಿಗಳ ದವಡೆ, ಎಣಿಸಿದರೆ ಹದಿನಾಲ್ಕು ಇಲಿಗಳಿಗೆ ಸಾಲುವಷ್ಟು. ಒಂದು ಚಿಕ್ಕ ಹಕ್ಕಿಯ ಕೊಕ್ಕು. ಕೆಲವು ಜೀರುಂಡೆಯ ರೆಕ್ಕೆ. ಆ ವರ್ಷ ಇಲಿಗಳು ಕಡಲೆಕಾಯಿಯ ಪಾತಿಯನ್ನು ಎಷ್ಟು ಹಾಳುಮಾಡಿದ್ದುವೆಂಬುದನ್ನು ಅಜ್ಜಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಕೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ರಟ್ಟನ್ನು ಬಹಳ ಹೊತ್ತು ನೋಡಿ, ‘ಹದಿನಾಲ್ಕೇ?’ ಎಂದಳು. ತಲೆಗೆ ನೀರು ಹಾಕಿಸಿದಲ್ಲದೆ ಇಬ್ಬರನ್ನೂ ಒಳಗೆ ಬಿಡಲಿಲ್ಲವೆಂಬುದು ಬೇರೆ ಮಾತು.

ರಜದ ಕೊನೆಯ ದಿನ ಮಗ ಬಂದನು. ಊಟವಾದ ಮೇಲೆ ಕರಾರಿನ ಕಾಗದಗಳನ್ನು ತೆಗೆಯುವಷ್ಟರಲ್ಲಿ ಹುಡುಗಿ ರಟ್ಟನ್ನು ತಂದು ಅವುಗಳ ಮೇಲೆಯೇ ಇಟ್ಟಳು. ಅವನು ದವಡೆಗಳನ್ನು ನೋಡಿದನು. ‘ಬೂ... ಬೋ’ ಎಂದು ಅವಳು ಕೂಗಿ ತೋರಿಸಿದಾಗ ಅವನ ಮುಖ ಬದಲಾಯಿತು. ಚಿಕ್ಕಂದಿನಲ್ಲಿ ಅದೇ ದನಿಗೆ ಹೆದರಿ, ತನ್ನ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಲಗುತ್ತಿದ್ದವನು ಅವನು.

‘ಅದು ಇನ್ನೂ ಇದೆಯಾ, ಅಪ್ಪಾ?’ ಎಂದು ಕೇಳಿದನು.

‘ಅದೇ ಅಲ್ಲ. ಅದರ ಮಕ್ಕಳೋ ಮೊಮ್ಮಕ್ಕಳೋ ಇರಬೇಕು’ ಎಂದರು ಮೇಷ್ಟ್ರು. ಬೇರೇನೂ ಹೇಳಲಿಲ್ಲ.

ಹಣದ ಲೆಕ್ಕವೂ ಅಂದೇ ಆಯಿತು; ಲೆಕ್ಕವಿಲ್ಲದೆ ಸಂಸಾರ ನಡೆಯುವುದಿಲ್ಲ. ನೀಲಗಿರಿಯ ಮರಗಳನ್ನು ಕಡಿಸಿ ಮಾರಿದರೆ ಅಜ್ಜಿಯ ಮಂಡಿಯ ಖರ್ಚಿಗೆ ಆಗುವುದೆಂದು ತೋರಿತು. ನೆಲದ ನೀರನ್ನು ಹೀರುವುದೆಂದು 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿದ್ದಾಗಿತ್ತು. ಆ ತೋಪು ಹೋದರೆ ಮರುಗುವವರು ಯಾರೂ ಇರಲಿಲ್ಲ. ಮಗನ ಸಾಲ ಮಾತ್ರ ಇದ್ದಲ್ಲಿಯೇ ಇತ್ತು. ಅವನು ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿದನು. ‘ಮರಿ ಹಾರೋವರೆಗೂ ಬೇಡ. ಯುಗಾದಿ ಕಳೀಲಿ, ಆಮೇಲೆ ನೋಡೋಣ’ ಎಂದನು. ಬಂಡೆ ಉಳಿಯಿತೆಂದು ಯಾರೂ ಹೇಳಲಿಲ್ಲ. ಒಂದು ಮಾಗಿಯ ಮಟ್ಟಿಗೆ ಉಳಿಯಿತು. ಮುಂದಿನ ಮಾಗಿಗೆ ಮುಂದಿನ ಮಾತು.

ಹೊರಡುವ ಮೊದಲು ಹುಡುಗಿ ತಾತನ ಪುಸ್ತಕದಲ್ಲಿ ಹೊಸ ಹಾಳೆಯೊಂದನ್ನು ತೆಗೆದು, ನಡುವೆ ಗೆರೆಯೆಳೆದು, ಎಡಕ್ಕೆ ‘ಬಂದದ್ದು’ ಎಂದೂ ಬಲಕ್ಕೆ ‘ಹೋದದ್ದು’ ಎಂದೂ ಬರೆದಳು. ಎಡಗಡೆ ಬಾತು ಹದಿನೇಳು, ನರಿ ಒಂದು, ಕೊಂಬಿನ ಗೂಬೆ ಎರಡು. ಬಲಗಡೆ ರಣಹದ್ದು, ತಾರೀಖಿನ ಜಾಗ ಖಾಲಿ. ಚಿರತೆಯನ್ನು ಯಾವ ಕಡೆ ಬರೆಯಬೇಕೆಂದು ಯೋಚಿಸಿ, ತಾತನ ಮಾತು ನೆನಪಾಗಿ, ಎಡಗಡೆಯ ಕೊನೆಯಲ್ಲಿ ‘ನಮ್ಮನ್ನು ನೋಡಿರಬಹುದು’ ಎಂದು ಸೇರಿಸಿದಳು.

ಆ ಮೇಲೆ ದಿನವೂ ದೀಪ ಹಚ್ಚುವ ಹೊತ್ತಿಗೆ ಬೆಂಗಳೂರಿನಿಂದ ಕರೆ ಬರುತ್ತಿತ್ತು.

‘ತಾತ, ಕೂಗಿತಾ?’

‘ಕೂಗಿತು.’

‘ಬರೆದುಕೋ.’

ಮೇಷ್ಟ್ರು ತಮಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಎಡಗಡೆಯ ಸಾಲಿನಲ್ಲಿ, ಆ ದಿನದ ತಾರೀಖನ್ನು ಬರೆದುಕೊಳ್ಳುವರು.